ಮಂಗಳಕ್ಕೆ ಮನುಷ್ಯರು ಹೋಗುವ ದಾರಿ: ಚಾರ್ಟ್ ಪೇಪರಿನ ಮೇಲೆ ಆರಿಸಿ ನೋಡುವುದು ಹೇಗೆ?

ಕೇರಳದ ಶಾಲಾ ವಿಜ್ಞಾನ ಮೇಳವಾದ ಶಾಸ್ತ್ರೋತ್ಸವದ ದಿನ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಪ್ರಶ್ನೆ ಒಂದೇ. ಮಂಜೇಶ್ವರದಿಂದಲೂ ಅದೇ, ಬದಿಯಡ್ಕದಿಂದಲೂ ಅದೇ, ಅಡೂರಿನಿಂದಲೂ ಅದೇ. "ಮಾಷ್ಟ್ರೇ, ಮಂಗಳಕ್ಕೆ ಮನುಷ್ಯರು ಹೋಗುವ ಮಾಡೆಲ್ ಮಾಡ್ತಾ ಇದ್ದೇವೆ. ದಾರಿ ಹೇಗೆ ತೋರಿಸುವುದು?" ಒಬ್ಬೊಬ್ಬರಿಗೆ ಫೋನಿನಲ್ಲಿ ವಿವರಿಸಿ ಸಾಕಾಯಿತು. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದಲ್ಲಿ ಸಿಗುವುದೆಲ್ಲ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಮೇಳವೇ ಮುಗಿದಿರುತ್ತದೆ. ಹಾಗಾಗಿ ಒಮ್ಮೆ ಎಲ್ಲವನ್ನೂ ಬರೆದಿಡುತ್ತೇನೆ.

ಮೇಳಗಳಲ್ಲಿ ನಾನು ನೋಡಿದ ಹೆಚ್ಚಿನ ಮಾಡೆಲ್‌ಗಳಲ್ಲಿ ಭೂಮಿಯಿಂದ ಮಂಗಳಕ್ಕೆ ಒಂದು ನೆಟ್ಟಗಿನ ತಂತಿ, ಅದರ ಮೇಲೆ ಜಾರುವ ಥರ್ಮಾಕೋಲಿನ ರಾಕೆಟ್ಟು. ನೋಡಲು ಚಂದ ಉಂಟು, ಆದರೆ ದಾರಿ ಮಾತ್ರ ಪೂರ್ತಿ ತಪ್ಪು. ಎರಡನೇ ತಪ್ಪು ಇನ್ನೂ ದೊಡ್ಡದು: ವಾಪಸ್ ಬರುವ ದಾರಿಯನ್ನು ಯಾರೂ ತೋರಿಸುವುದಿಲ್ಲ. ಯಂತ್ರ ಕಳಿಸುವುದಾದರೆ ನಡೆದೀತು. ಮನುಷ್ಯರನ್ನು ಕಳಿಸುವಾಗ ಲೆಕ್ಕ ಶುರುವಾಗಬೇಕಾದದ್ದೇ ವಾಪಸಾತಿಯಿಂದ.

ಏನೇನು ಬೇಕು?

ದೊಡ್ಡ ಚಾರ್ಟ್ ಪೇಪರ್ ಒಂದು, ಅದರ ಅಡಿಗೆ ಹಾಕಲು ಥರ್ಮಾಕೋಲ್ ಹಲಗೆ, ಗುಂಡುಸೂಜಿ ಎರಡು, ಹಿಗ್ಗದ ನೂಲು, ಸ್ಕೇಲು, ಕೋನಮಾಪಕ, ಕ್ಯಾಲ್ಕುಲೇಟರು. ಭೂಮಿಗೆ ಒಂದು ಹುಣಸೆಬೀಜ, ಮಂಗಳಕ್ಕೆ ಒಂದು ಗುಲಗಂಜಿ. ಜಾಮಿಟ್ರಿ ಪೆಟ್ಟಿಗೆಯ ಕೈವಾರ ಸಾಲುವುದಿಲ್ಲ, ಅಷ್ಟು ಅಗಲಕ್ಕೆ ಅದು ತೆರೆಯುವುದಿಲ್ಲ.

ಮೂರು ಪದ ಗೊತ್ತಿರಲಿ. ಖಗೋಳಮಾನ ಎಂದರೆ ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ, 14.96 ಕೋಟಿ ಕಿ.ಮೀ. ಡೆಲ್ಟಾ-ವಿ ಎಂದರೆ ಎಂಜಿನು ಉರಿಸಿ ನೌಕೆಯ ವೇಗದಲ್ಲಿ ತರಬೇಕಾದ ಬದಲಾವಣೆ. ಬಸ್ಸಿಗಾದರೆ ಇಷ್ಟು ಕಿಲೋಮೀಟರಿಗೆ ಇಷ್ಟು ಡೀಸೆಲ್ ಎಂದು ಲೆಕ್ಕ. ಬಾಹ್ಯಾಕಾಶದಲ್ಲಿ ದೂರಕ್ಕೆ ಖರ್ಚಿಲ್ಲ, ವೇಗ ಬದಲಿಸುವುದಕ್ಕೆ ಮಾತ್ರ ಖರ್ಚು. ಇದೊಂದು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ವಿಯುತಿ ಎಂದರೆ ಸೂರ್ಯ ಮತ್ತು ಮಂಗಳದ ನಡುವೆ ಭೂಮಿ ಬಂದು ಮೂರೂ ಒಂದೇ ಸಾಲಿನಲ್ಲಿ ನಿಲ್ಲುವುದು. ಪಂಚಾಂಗ ನೋಡುವ ಅಜ್ಜಂದಿರಿಗೆ ಹೇಳುವುದಾದರೆ, ಸೂರ್ಯನಿಂದ ಏಳನೇ ಮನೆಯಲ್ಲಿ ಕುಜ.

1. ಎರಡು ಕಕ್ಷೆ ಎಳೆಯಿರಿ

ಒಂದು ಖಗೋಳಮಾನಕ್ಕೆ 10 ಸೆಂ.ಮೀ. ಎಂದಿಟ್ಟುಕೊಳ್ಳಿ. ಚಾರ್ಟಿನ ನಡುವೆ ಸೂಜಿ ಚುಚ್ಚಿ, ಅದು ಸೂರ್ಯ. ನೂಲಿನಿಂದ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದರೆ ಭೂಮಿಯ ಕಕ್ಷೆ, 15.2 ಸೆಂ.ಮೀ. ತ್ರಿಜ್ಯದ್ದು ಮಂಗಳದ ಕಕ್ಷೆ.

ಭೂಮಿ ದಿನಕ್ಕೆ 0.986 ಡಿಗ್ರಿ ಸಾಗುತ್ತದೆ, ಮಂಗಳ 0.524 ಡಿಗ್ರಿ. ಮಂಗಳಕ್ಕೆ ಒಂದು ಸುತ್ತು ಮುಗಿಸಲು 687 ದಿನ ಬೇಕು. ಹುಣಸೆಬೀಜವನ್ನು ತಿಂಗಳಿಗೆ ಸುಮಾರು 30 ಡಿಗ್ರಿ, ಗುಲಗಂಜಿಯನ್ನು ಸುಮಾರು 16 ಡಿಗ್ರಿ ಸರಿಸುತ್ತ ಎರಡು ಮೂರು ಸುತ್ತು ಆಡಿಸಿ ನೋಡಿ. ಅಪ್ರದಕ್ಷಿಣವಾಗಿ ಸರಿಸಿ, ಗಡಿಯಾರದ ಮುಳ್ಳಿನಂತಲ್ಲ. ಭೂಮಿ ಮಂಗಳವನ್ನು ಹಿಂದೆ ಹಾಕುವುದು 780 ದಿನಕ್ಕೊಮ್ಮೆ, ಅಂದರೆ ಸುಮಾರು 26 ತಿಂಗಳಿಗೊಮ್ಮೆ ಎಂಬುದು ಕೈಗೇ ಗೊತ್ತಾಗುತ್ತದೆ. ಮಂಗಳದ ಎಲ್ಲ ಯಾತ್ರೆಗಳ ಕ್ಯಾಲೆಂಡರೂ ಈ 26 ತಿಂಗಳೇ.

2. ಅಗ್ಗದ ದಾರಿಯನ್ನು ನೂಲಿನಿಂದ ಎಳೆಯಿರಿ

ಜರ್ಮನಿಯ ಎಂಜಿನಿಯರ್ ವಾಲ್ಟರ್ ಹೋಮನ್ 1925ರಲ್ಲೇ ಲೆಕ್ಕ ಹಾಕಿಟ್ಟ ದಾರಿ ಇದು. ಒಂದು ತುದಿ ಭೂಮಿಯ ಕಕ್ಷೆಯನ್ನು, ಇನ್ನೊಂದು ತುದಿ ಮಂಗಳದ ಕಕ್ಷೆಯನ್ನು ಸವರಿಕೊಂಡು ಹೋಗುವ ದೀರ್ಘವೃತ್ತ. ಒಂದು ಕಕ್ಷೆಯಿಂದ ಇನ್ನೊಂದಕ್ಕೆ ದಾಟಿಸುವುದರಿಂದ ಇದಕ್ಕೆ ವರ್ಗಾವಣೆ ಕಕ್ಷೆ ಎಂದು ಹೆಸರು.

ಸೂರ್ಯನ ಸೂಜಿಯಿಂದ 5.2 ಸೆಂ.ಮೀ. ದೂರದಲ್ಲಿ ಇನ್ನೊಂದು ಸೂಜಿ ಚುಚ್ಚಿ. ನೂಲಿನ ಎರಡು ತುದಿ ಸೇರಿಸಿ ಒಟ್ಟು 30.5 ಸೆಂ.ಮೀ. ಸುತ್ತಳತೆಯ ಕುಣಿಕೆ ಕಟ್ಟಿ. ಅದನ್ನು ಎರಡೂ ಸೂಜಿಗಳಿಗೆ ಹಾಕಿ, ಪೆನ್ಸಿಲಿನಿಂದ ಬಿಗಿಯಾಗಿ ಎಳೆದು ಹಿಡಿದು ಸುತ್ತ ಬನ್ನಿ. ದೀರ್ಘವೃತ್ತ ತಾನಾಗಿ ಬರುತ್ತದೆ. ಒಂದು ತುದಿ ಭೂಮಿಯ ಕಕ್ಷೆಗೆ, ಇನ್ನೊಂದು ಮಂಗಳದ ಕಕ್ಷೆಗೆ ಸರಿಯಾಗಿ ತಾಗದಿದ್ದರೆ ಗಂಟಿನಲ್ಲಿ ನೂಲು ಹೆಚ್ಚು ಹೋಗಿದೆ ಎಂದರ್ಥ, ಬಿಚ್ಚಿ ಪುನಃ ಕಟ್ಟಿ. ನನ್ನದು ಮೂರನೇ ಸಲಕ್ಕೆ ಸರಿಯಾದದ್ದು.

ಈ ದಾರಿಯಲ್ಲಿ ಮಂಗಳ ತಲುಪಲು 259 ದಿನ. ಭೂಮಿಯನ್ನು 300 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ನೌಕೆ ಈ ದಾರಿ ಹಿಡಿಯಲು ಸೆಕೆಂಡಿಗೆ ಸುಮಾರು 3.6 ಕಿ.ಮೀ. ಡೆಲ್ಟಾ-ವಿ ಬೇಕು.

ಎಚ್ಚರಿಕೆ: ನೌಕೆ ಈ ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವುದಿಲ್ಲ. ಸೂರ್ಯನ ಸುತ್ತ ಅದರ ವೇಗ ಹೊರಡುವಾಗ ಸೆಕೆಂಡಿಗೆ 32.7 ಕಿ.ಮೀ., ತಲುಪುವಾಗ 21.5. ತಿಂಗಳ ಗುರುತುಗಳನ್ನು ಸಮಾನ ಅಂತರದಲ್ಲಿ ಹಾಕಬೇಡಿ, ಮೊದಲಿನವು ದೂರದೂರ, ಕೊನೆಯವು ಹತ್ತಿರಹತ್ತಿರ ಇರಬೇಕು.

3. ಹೊರಡುವ ಮುಹೂರ್ತ

ಇದನ್ನು ಲಾಂಚ್ ವಿಂಡೋ ಎನ್ನುತ್ತಾರೆ. ನಾನು ಮುಹೂರ್ತ ಎಂದೇ ಹೇಳುವುದು, ನಮ್ಮವರಿಗೆ ಕೂಡಲೇ ಅರ್ಥವಾಗುತ್ತದೆ.

ಓಡುತ್ತಿರುವವನಿಗೆ ಚೆಂಡು ಎಸೆಯುವಾಗ ಅವನು ಈಗ ಇರುವಲ್ಲಿಗೆ ಎಸೆಯುತ್ತೀರಾ? ಚೆಂಡು ಬೀಳುವ ಹೊತ್ತಿಗೆ ಅವನು ಎಲ್ಲಿರುತ್ತಾನೋ ಅಲ್ಲಿಗೆ ತಾನೆ! 259 ದಿನಗಳಲ್ಲಿ ಮಂಗಳ ಸುಮಾರು 136 ಡಿಗ್ರಿ ಸಾಗುತ್ತದೆ, ನೌಕೆ 180. ಆದ್ದರಿಂದ ನೌಕೆ ಹೊರಡುವ ದಿನ ಗುಲಗಂಜಿ ಹುಣಸೆಬೀಜಕ್ಕಿಂತ 44 ಡಿಗ್ರಿ ಮುಂದಿರಬೇಕು.

ಎಚ್ಚರಿಕೆ: "ಮಂಗಳ ಭೂಮಿಗೆ ಅತ್ಯಂತ ಹತ್ತಿರ ಬಂದ ದಿನ ಹಾರಿಸಿದರಾಯಿತಲ್ಲ?" ಇದು ಎಲ್ಲರೂ ಬೀಳುವ ಹೊಂಡ. ವಿಯುತಿಯ ದಿನ ಹೊರಟರೆ ಮುಹೂರ್ತ ತಿಂಗಳುಗಟ್ಟಲೆ ಹಿಂದೆಯೇ ಕಳೆದಿರುತ್ತದೆ. ನಮ್ಮ ಮಂಗಳಯಾನ ಭೂಮಿಯ ಹಿಡಿತ ಬಿಟ್ಟು ಮಂಗಳದ ದಾರಿ ಹಿಡಿದದ್ದು 2013ರ ಡಿಸೆಂಬರ್ 1ರಂದು, ವಿಯುತಿ ಇದ್ದದ್ದು 2014ರ ಏಪ್ರಿಲ್ 8ರಂದು. ನಾಸಾದ ಪರ್ಸೆವೆರೆನ್ಸ್ ರೋವರ್ (ಮಂಗಳದ ನೆಲದಲ್ಲಿ ಓಡಾಡುವ ಯಂತ್ರಗಾಡಿ) ಹೊರಟದ್ದು 2020ರ ಜುಲೈ 30ಕ್ಕೆ, ವಿಯುತಿ ಅಕ್ಟೋಬರ್ 13ಕ್ಕೆ.

ಮಂಗಳಯಾನದ ಹೆಸರು ಬಂದದ್ದರಿಂದ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ. "ಅದು ಹೋದ ದಾರಿಯಲ್ಲೇ ಮನುಷ್ಯರನ್ನೂ ಕಳಿಸಬಹುದಲ್ಲ?" ಆಗದು. ಪಿ.ಎಸ್.ಎಲ್.ವಿ. ರಾಕೆಟ್ಟಿಗೆ ಅದನ್ನು ನೇರವಾಗಿ ಮಂಗಳದ ದಾರಿಗೆ ಎಸೆಯುವ ಬಲ ಇರಲಿಲ್ಲ. ಹಾಗಾಗಿ 2013ರ ನವೆಂಬರ್ 5ಕ್ಕೆ ಹಾರಿದ ಮೇಲೆ ಸುಮಾರು 25 ದಿನ ಭೂಮಿಯನ್ನೇ ಸುತ್ತುತ್ತ, ಪ್ರತಿ ಸಲ ಎಂಜಿನು ಉರಿಸಿ ಕಕ್ಷೆಯನ್ನು ಹಿಗ್ಗಿಸುತ್ತ, ಕೊನೆಯ ದೂಡುವಿಕೆಯನ್ನು ಸೆಕೆಂಡಿಗೆ ಬರೀ 648 ಮೀಟರಿಗೆ ಇಳಿಸಿಕೊಂಡರು. ಜಾಣ ಉಪಾಯವೇ. ಆದರೆ ಹಾಗೆ ಸುತ್ತುವಾಗ ಭೂಮಿಯ ಸುತ್ತಲಿನ ವ್ಯಾನ್ ಅಲೆನ್ ವಿಕಿರಣ ಪಟ್ಟಿಗಳನ್ನು ಮತ್ತೆ ಮತ್ತೆ ದಾಟಬೇಕು. ಯಂತ್ರ ತಡೆದುಕೊಂಡೀತು, ಮನುಷ್ಯರನ್ನು ಅದರಲ್ಲಿ ಅಷ್ಟು ದಿನ ಓಡಾಡಿಸುವಂತಿಲ್ಲ. ಅಲ್ಲಿಂದ ಮಂಗಳ ಸೇರಿದ್ದು 2014ರ ಸೆಪ್ಟೆಂಬರ್ 24ಕ್ಕೆ, ದಾರಿಯಲ್ಲೇ ಸುಮಾರು 300 ದಿನ. ಅಷ್ಟು ದಿನ ಅದಕ್ಕೆ ಅನ್ನ ನೀರು ಏನೂ ಬೇಕಾಗಿರಲಿಲ್ಲ.

4. ವಾಪಸ್ ಬಸ್ಸು ಯಾವಾಗ?

ಕುಂಬಳೆಯಿಂದ ಬದಿಯಡ್ಕಕ್ಕೆ ಬಂದು ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಒಳಗಿನ ಊರಿಗೆ ಹೋಗುವವರಿಗೆ ಈ ಹಂತ ವಿವರಿಸಬೇಕಿಲ್ಲ. ಹೋಗುವ ಬಸ್ಸಲ್ಲ, ರಾತ್ರಿ ವಾಪಸ್ ಬರುವ ಕೊನೆಯ ಬಸ್ಸು ನೋಡಿಕೊಂಡೇ ಅವರು ಮನೆಯಿಂದ ಹೊರಡುವುದು.

ಬೀಜಗಳನ್ನು ಸರಿಸಿ ನೋಡಿ. ನೌಕೆ ಮಂಗಳ ಮುಟ್ಟಿದ ದಿನ ಭೂಮಿ ಮಂಗಳಕ್ಕಿಂತ 75 ಡಿಗ್ರಿ ಮುಂದೆ ಹೋಗಿಯಾಗಿದೆ. ಅದೇ ಅಗ್ಗದ ದಾರಿಯಲ್ಲಿ ವಾಪಸ್ ಹೊರಡಬೇಕಾದರೆ ಭೂಮಿ 75 ಡಿಗ್ರಿ ಹಿಂದೆ ಇರಬೇಕು. ಅಲ್ಲಿಗೆ ಬರಲು ಭೂಮಿ ಮಂಗಳಕ್ಕಿಂತ ಇನ್ನೂ 210 ಡಿಗ್ರಿ ಹೆಚ್ಚು ಓಡಬೇಕು, ದಿನಕ್ಕೆ ಹೆಚ್ಚುವುದು 0.46 ಡಿಗ್ರಿ. ಭಾಗಿಸಿದರೆ ಸುಮಾರು 454 ದಿನ. ಹೋಗಲು 259, ಕಾಯಲು 454, ಬರಲು 259: ಒಟ್ಟು 972 ದಿನ. ಎರಡು ವರ್ಷ ಎಂಟು ತಿಂಗಳು.

ಯುರಿ ಗಗಾರಿನ್ ಕಾಲದಿಂದ ಇಂದಿನವರೆಗೆ ಒಬ್ಬ ಮನುಷ್ಯ ಒಂದೇ ಸಲಕ್ಕೆ ಅತಿ ಹೆಚ್ಚು ದಿನ ಬಾಹ್ಯಾಕಾಶದಲ್ಲಿ ಇದ್ದದ್ದು 437 ದಿನ. ರಷ್ಯಾದ ವೈದ್ಯ ವಲೇರಿ ಪೊಲ್ಯಾಕೊವ್, ಮಿರ್ ನಿಲ್ದಾಣದಲ್ಲಿ, 1994ರಿಂದ 1995ರವರೆಗೆ. ಅವರಿಗೆ ಕೆಳಗೆ ಭೂಮಿ ಕಾಣುತ್ತಿತ್ತು, ಬೇಕಾದರೆ ಕೆಲವೇ ಗಂಟೆಗಳಲ್ಲಿ ಇಳಿಯಬಹುದಿತ್ತು.

5. ಉದ್ದ ತಂಗುವುದೋ, ಮುಟ್ಟಿ ಬರುವುದೋ?

ದಾರಿ ಆರಿಸುವ ನಿಜವಾದ ನಿರ್ಧಾರ ಇದು. ಮಾಡೆಲಿನಲ್ಲಿ ಹೆಚ್ಚು ಜಾಗ ಇದಕ್ಕೇ ಕೊಡಿ.

ಮೊದಲನೆಯದು ಯುತಿ ವರ್ಗ (ಯುತಿ ಎಂದರೆ ಭೂಮಿ ಮತ್ತು ಮಂಗಳದ ನಡುವೆ ಸೂರ್ಯ ಬರುವುದು). ಬೇಗ ಹೋಗಿ, ಅಲ್ಲೇ ಸುಮಾರು ಒಂದೂವರೆ ವರ್ಷ ಉಳಿದು, ಭೂಮಿ ಸರಿಯಾದ ಜಾಗಕ್ಕೆ ಬಂದ ಮೇಲೆ ಹೊರಡುವುದು. ಹೋಗಲು ಬರಲು ತಲಾ 180ರಿಂದ 210 ದಿನ, ತಂಗುವುದು 500 ದಿನಕ್ಕೂ ಹೆಚ್ಚು, ಒಟ್ಟು 900 ದಿನಗಳ ಆಸುಪಾಸು. ನಾಸಾ 2009ರಲ್ಲಿ ಪ್ರಕಟಿಸಿದ ಯೋಜನಾ ನಕ್ಷೆ ಆರಿಸಿಕೊಂಡದ್ದು ಇದನ್ನೇ.

ಎರಡನೆಯದು ವಿಯುತಿ ವರ್ಗ. ಮಂಗಳದಲ್ಲಿ ಒಂದೆರಡು ತಿಂಗಳು ಮಾತ್ರ ಇದ್ದು ಹೊರಟುಬಿಡುವುದು. ಭೂಮಿ ಸರಿಯಾದ ಜಾಗದಲ್ಲಿ ಇಲ್ಲದಿರುವಾಗಲೇ ಹೊರಡುವುದರಿಂದ ಅಡ್ಡದಾರಿ ಹಿಡಿಯಬೇಕು: ಸೂರ್ಯನ ಕಡೆಗೆ ಒಳಗೆ ನುಗ್ಗಿ, ಸಾಮಾನ್ಯವಾಗಿ ಶುಕ್ರಗ್ರಹದ ಹತ್ತಿರ ಹಾದು, ಅದರ ಗುರುತ್ವದಿಂದ ದಾರಿ ತಿರುಗಿಸಿಕೊಂಡು ಭೂಮಿಗೆ ಬರುವುದು. ಒಟ್ಟು ಸುಮಾರು 600 ದಿನಗಳಲ್ಲಿ ಮನೆ.

"900ಕ್ಕಿಂತ 600 ಒಳ್ಳೆಯದಲ್ಲವೇ?" ಎಂದು ಕೇಳಿದರೆ ಹೌದೆನ್ನಲು ಬಾಯಿ ಬರುತ್ತದೆ. ಸ್ವಲ್ಪ ತಡೆಯಿರಿ. ಕ್ಯುರಿಯಾಸಿಟಿ ರೋವರ್ 2011–12ರಲ್ಲಿ ಮಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ವಿಕಿರಣ ಅಳೆಯಿತು: ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್. ಮಿಲಿಸೀವರ್ಟ್ ಎಂದರೆ ವಿಕಿರಣದಿಂದ ದೇಹಕ್ಕಾಗುವ ಅಪಾಯವನ್ನು ಅಳೆಯುವ ಮಾನ. ಲೋಕದ ಸರಾಸರಿ ತೆಗೆದರೆ ನೆಲದ ಮೇಲೆ ನಾವು ವರ್ಷಕ್ಕೆ ಪಡೆಯುವುದು 2.4. ಅದೇ ರೋವರ್ ಮಂಗಳದ ನೆಲದಲ್ಲಿ ಅಳೆದದ್ದು ದಿನಕ್ಕೆ 0.67. ಕಾಲ ಕೆಳಗಿನ ಗ್ರಹವೇ ಅರ್ಧ ಆಕಾಶವನ್ನು ಮರೆಮಾಡುತ್ತದೆ, ತೆಳುವಾದರೂ ಮೇಲೊಂದು ಗಾಳಿಯ ಹೊದಿಕೆ ಉಂಟು.

ಈಗ ಗುಣಿಸಿ. ಉದ್ದ ಯಾತ್ರೆಯಲ್ಲಿ ದಾರಿಯಲ್ಲಿ 360 ದಿನ, ನೆಲದಲ್ಲಿ 540 ದಿನ: 648 ಮತ್ತು 362, ಸೇರಿ ಸುಮಾರು 1,010 ಮಿಲಿಸೀವರ್ಟ್. ಚುಟುಕು ಯಾತ್ರೆಯಲ್ಲಿ ದಾರಿಯಲ್ಲಿ 570, ನೆಲದಲ್ಲಿ 30: ಸುಮಾರು 1,045. ಮುನ್ನೂರು ದಿನ ಉಳಿಸಿದರೂ ವಿಕಿರಣ ಕಡಿಮೆಯಾಗಲಿಲ್ಲ, ಒಂದು ಹಿಡಿ ಹೆಚ್ಚೇ ಆಯಿತು. ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟ ಮಿತಿ 600 ಮಿಲಿಸೀವರ್ಟ್. ಎರಡೂ ದಾರಿ ಆ ಗೆರೆ ದಾಟುತ್ತವೆ ಎಂಬುದನ್ನು ಚಾರ್ಟಿನಲ್ಲಿ ಬರೆಯಿರಿ, ಅಡಗಿಸಬೇಡಿ.

ಚುಟುಕು ದಾರಿಗೆ ಇನ್ನೂ ಮೂರು ಕಂಟಕ. ಶುಕ್ರನ ಕಕ್ಷೆಯ ಹತ್ತಿರ ಬಿಸಿಲು ಭೂಮಿಯಲ್ಲಿರುವುದರ ಸುಮಾರು ಎರಡು ಪಟ್ಟು. ತೂಕವಿಲ್ಲದ ದಿನಗಳು ಹೆಚ್ಚಾಗಿ ಮೂಳೆ ಸವೆಯುತ್ತದೆ. ಕೊನೆಗೆ ಭೂಮಿಯ ವಾಯುಮಂಡಲಕ್ಕೆ ನುಗ್ಗುವ ವೇಗ. ಚಂದ್ರನಿಂದ ಬಂದ ಅಪೊಲೊ ಯಾತ್ರಿಗಳು ಸೆಕೆಂಡಿಗೆ 11 ಕಿ.ಮೀ. ವೇಗದಲ್ಲಿ ನುಗ್ಗಿದರು. 2006ರಲ್ಲಿ ಧೂಮಕೇತುವಿನ ಧೂಳು ತಂದ ಸ್ಟಾರ್‌ಡಸ್ಟ್ ಪೆಟ್ಟಿಗೆ 12.9ರಲ್ಲಿ ಬಂತು, ಅದರಲ್ಲಿ ಮನುಷ್ಯರಿರಲಿಲ್ಲ. ಮಂಗಳದಿಂದ ಅಗ್ಗದ ದಾರಿಯಲ್ಲಿ ಬಂದರೆ ಸುಮಾರು 11.5. ಚುಟುಕು ಯಾತ್ರೆಯಲ್ಲಿ ಕೆಲವು ವರ್ಷ 14ರ ಹತ್ತಿರಕ್ಕೂ ಹೋಗುತ್ತದೆ.

ಹಾಗಾದರೆ ಚುಟುಕು ದಾರಿ ಯಾರಿಗೂ ಬೇಡವೇ? ಮೊದಲ ಸಲ ಹೋಗುವಾಗ, ಮಂಗಳದ ಮೇಲೆ ಮನೆ ಮಠ ಏನೂ ಇಲ್ಲದಿರುವಾಗ, ಒಂದೂವರೆ ವರ್ಷ ಅಲ್ಲಿ ಕಳೆಯುವ ಧೈರ್ಯ ಬಾರದವರು ಅದನ್ನು ಹಿಡಿಯುತ್ತಾರೆ. ಆ ವಾದದಲ್ಲೂ ಹುರುಳಿದೆ. ನನ್ನ ಮತ ಉದ್ದ ಯಾತ್ರೆಗೆ. ಅಷ್ಟು ದೂರ ಹೋಗಿ, ಮೈ ತೂಕಕ್ಕೆ ಒಗ್ಗುವಷ್ಟರಲ್ಲಿ ಗಂಟುಮೂಟೆ ಕಟ್ಟುವುದು ಎಂಥ ಯಾತ್ರೆ ಮಾರಾಯ್ರೆ?

6. ಹೋಗುವ ದಿನ ಕಡಿಮೆ ಮಾಡಿ, ಕೆಟ್ಟರೆ ಮನೆಗೆ ಬರುವ ದಾರಿ ಇಟ್ಟುಕೊಳ್ಳಿ

ಭೂಮಿಯ ಕಕ್ಷೆ ಬಿಟ್ಟ ಮೇಲೆ ಯು-ಟರ್ನ್ ಇಲ್ಲ. ಮಕ್ಕಳಿಗೆ ನಂಬಿಸಲು ಕಷ್ಟವಾಗುವ ಮಾತು ಇದೇ. ಸೆಕೆಂಡಿಗೆ ಮೂವತ್ತು ಚಿಲ್ಲರೆ ಕಿ.ಮೀ. ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿರುವ ನೌಕೆಯನ್ನು ನಿಲ್ಲಿಸಿ ತಿರುಗಿಸುವಷ್ಟು ಇಂಧನ ಯಾರ ಬಳಿಯೂ ಇರುವುದಿಲ್ಲ. ಹಾಗಾಗಿ ಏನೂ ಮಾಡದಿದ್ದರೂ ತಾನಾಗಿ ಮನೆಗೆ ತಂದುಬಿಡುವ ದಾರಿ ಉಂಟಾ ಎಂದು ಹುಡುಕುತ್ತಾರೆ. ಮುಕ್ತ ವಾಪಸಾತಿ ಪಥ ಎಂದರೆ ಅದು. 1970ರ ಏಪ್ರಿಲಿನಲ್ಲಿ ಅಪೊಲೊ 13ರ ಆಮ್ಲಜನಕ ತೊಟ್ಟಿ ಸಿಡಿದಾಗ ಯಾತ್ರಿಗಳು ಮೊದಲು ಮಾಡಿದ ಕೆಲಸವೇ ಚಂದ್ರಲ್ಯಾಂಡರಿನ ಎಂಜಿನು ಉರಿಸಿ ಅಂಥ ದಾರಿಗೆ ಮರಳಿದ್ದು.

ಮಂಗಳಕ್ಕೆ ಇದನ್ನು ನಿಮ್ಮ ಚಾರ್ಟಿನಲ್ಲೇ ತೋರಿಸಬಹುದು. ಉಪಾಯ ಸರಳ: ಸುತ್ತಿಗೆ ಸರಿಯಾಗಿ ಎರಡು ವರ್ಷ ಹಿಡಿಯುವ ಕಕ್ಷೆ ಆರಿಸಿ. ಎರಡು ವರ್ಷದ ಬಳಿಕ ನೌಕೆ ಹೊರಟ ಜಾಗಕ್ಕೇ ಬರುತ್ತದೆ, ಎರಡು ಸುತ್ತು ಮುಗಿಸಿದ ಭೂಮಿಯೂ ಅಷ್ಟೊತ್ತಿಗೆ ಅಲ್ಲೇ ಇರುತ್ತದೆ. ಎಳೆಯಲು ಸೂಜಿಗಳ ನಡುವೆ 11.7 ಸೆಂ.ಮೀ. ಇಟ್ಟು, ಕುಣಿಕೆಯನ್ನು 43.5 ಸೆಂ.ಮೀ. ಮಾಡಿ. ದೀರ್ಘವೃತ್ತದ ದೂರದ ತುದಿ ಮಂಗಳದ ಕಕ್ಷೆಯಾಚೆ 21.7 ಸೆಂ.ಮೀ.ಗೆ ಹೋಗುತ್ತದೆ. ಬೇರೆ ಬಣ್ಣದ ಪೆನ್ನು ಬಳಸಿ, ಇಲ್ಲದಿದ್ದರೆ ಗೊಂದಲ.

ಈ ದಾರಿ ಮಂಗಳದ ಕಕ್ಷೆಯನ್ನು ಸವರುವುದಿಲ್ಲ, ಕತ್ತರಿಸುತ್ತದೆ. ನಮ್ಮ ಚಿತ್ರದ ಲೆಕ್ಕಕ್ಕೆ ಕತ್ತರಿಸುವ ಜಾಗ ಮುಟ್ಟಲು ಸುಮಾರು 128 ದಿನ. ನಿಜವಾದ ಯೋಜನೆಗಳಲ್ಲಿ ಆಯಾ ವರ್ಷಕ್ಕೆ ತಕ್ಕಂತೆ ಆರು ತಿಂಗಳವರೆಗೂ ಇರುತ್ತದೆ.

ಖರ್ಚು ಎಷ್ಟು? ಹೊರಡುವಾಗ ಡೆಲ್ಟಾ-ವಿ 3.6ರ ಬದಲು ಸುಮಾರು 4.3. ಜಲಜನಕ-ಆಮ್ಲಜನಕದ ಎಂಜಿನಿನಲ್ಲಿ ಅನಿಲ ಹೊರಚಿಮ್ಮುವ ವೇಗ ಸೆಕೆಂಡಿಗೆ ಸುಮಾರು 4.4 ಕಿ.ಮೀ. ರಾಕೆಟ್ ಸಮೀಕರಣದ ಪ್ರಕಾರ 40 ಟನ್ನಿನ ನೌಕೆಯನ್ನು ದೂಡಲು ಮೊದಲನೆಯದಕ್ಕೆ ಸುಮಾರು 51 ಟನ್ ಇಂಧನ, ಎರಡನೆಯದಕ್ಕೆ 66 ಟನ್ (ಟ್ಯಾಂಕಿನ, ಎಂಜಿನಿನ ತೂಕ ಬಿಟ್ಟು). ಹದಿನೈದು ಟನ್ ಹೆಚ್ಚು, ಬದಲಿಗೆ ನಾಲ್ಕು ತಿಂಗಳ ಉಳಿತಾಯ ಮತ್ತು ಮನೆಗೆ ಬರುವ ಒಂದು ಬಾಗಿಲು. ಮೇಲ್ನೋಟಕ್ಕೆ ಲಾಭದ ವ್ಯಾಪಾರ.

ಎಚ್ಚರಿಕೆ: ಹೊರಡುವಾಗಿನ ಖರ್ಚು ಮಾತ್ರ ನೋಡಿದವರು ಇಲ್ಲಿ ಮೋಸ ಹೋಗುತ್ತಾರೆ. ಅಗ್ಗದ ದಾರಿಯಲ್ಲಿ ಹೋದರೆ ಮಂಗಳವನ್ನು ಸಮೀಪಿಸುವ ವೇಗ ಸೆಕೆಂಡಿಗೆ ಸುಮಾರು 2.65 ಕಿ.ಮೀ. ಈ ಎರಡು ವರ್ಷದ ದಾರಿಯಲ್ಲಿ, ನಮ್ಮ ಚಿತ್ರದ ಲೆಕ್ಕಕ್ಕೆ, 9ಕ್ಕಿಂತ ಹೆಚ್ಚು. ಆ ವೇಗವನ್ನು ಯಾರು ತಗ್ಗಿಸುತ್ತಾರೆ? ನಿಜವಾಗಿ ಲೆಕ್ಕ ಹಾಕುವವರು ಹೊರಡುವ ಕೋನ, ದಿನ ಎರಡನ್ನೂ ಅತ್ತಿತ್ತ ಮಾಡಿ ಇದನ್ನು ಕೆಳಗಿಳಿಸಲು ಹೆಣಗುವುದು ಇದೇ ಕಾರಣಕ್ಕೆ. ಇನ್ನೊಂದು: ಮಂಗಳದ ಪಕ್ಕದಲ್ಲಿ ಹಾದರೆ ಅದರ ಗುರುತ್ವ ದಾರಿಯನ್ನು ಬಗ್ಗಿಸುತ್ತದೆ, ಎಷ್ಟು ದೂರದಲ್ಲಿ ಹಾಯಬೇಕು ಎಂಬುದನ್ನೂ ಮೊದಲೇ ಕೂಡಿಸಬೇಕು. ಮತ್ತು "ತಾನಾಗಿ ಬರುತ್ತದೆ" ಎಂದರೂ ಎರಡು ವರ್ಷ ಬೇಕಷ್ಟೇ? ಅಷ್ಟೂ ದಿನದ ಊಟ ನೌಕೆಯಲ್ಲಿ ಇರಬೇಕು.

7. ಇಳಿಯುವಾಗ ಏನು ನೋಡಬೇಕು

ಮಂಗಳದ ಗಾಳಿ ತೀರಾ ತೆಳು. ಉರಿಸುವಷ್ಟು ಉಂಟು, ಹಿಡಿದು ನಿಲ್ಲಿಸುವಷ್ಟು ಇಲ್ಲ. ಅಲ್ಲಿ ಇಳಿದ ರೋವರುಗಳಲ್ಲಿ ಭಾರದ್ದಾದ ಪರ್ಸೆವೆರೆನ್ಸ್ ಒಂದು ಟನ್ನಿನ ಆಸುಪಾಸು, ಮನುಷ್ಯರ ನೌಕೆ ಅದರ ಹತ್ತಿಪ್ಪತ್ತು ಪಟ್ಟು. ಎಂಜಿನು ಉರಿಸದೆ ಒಂದೇ ಸಲ ಗಾಳಿಗೆ ಉಜ್ಜಿ ಕಕ್ಷೆಗೆ ಬೀಳುವ ಉಪಾಯವನ್ನು ಬಹಳ ಯೋಜನೆಗಳು ನೆಚ್ಚಿಕೊಂಡಿವೆ. ಬೇರೆ ಗ್ರಹದಲ್ಲಿ ಅದನ್ನು ಯಾರೂ ಇನ್ನೂ ಮಾಡಿ ತೋರಿಸಿಲ್ಲ.

ಮಂಗಳದಲ್ಲೂ ಋತುಗಳುಂಟು. ದೊಡ್ಡ ಧೂಳಿನ ಬಿರುಗಾಳಿ ಏಳುವುದು ಹೆಚ್ಚಾಗಿ ಮಂಗಳ ಸೂರ್ಯನಿಗೆ ಹತ್ತಿರ ಇರುವ ಕಾಲದಲ್ಲಿ. 2018ರಲ್ಲಿ ಇಡೀ ಗ್ರಹ ಮುಚ್ಚಿದ ಅಂಥ ಧೂಳಿಗೆ ಸಿಕ್ಕಿ, ಸೌರಶಕ್ತಿ ಇಲ್ಲದೆ ಆಪರ್ಚುನಿಟಿ ರೋವರ್ ಮಾತು ನಿಲ್ಲಿಸಿತು. ಇಳಿಯುವ ದಿನ ಆ ಕಾಲಕ್ಕೆ ಬೀಳುತ್ತದೋ ನೋಡಿ. ಹಾಗೆಯೇ ಭೂಮಿ, ಸೂರ್ಯ, ಮಂಗಳ ಸಾಲಾಗಿ ಸೂರ್ಯ ನಡುವೆ ಬಂದಾಗ ಸುಮಾರು ಎರಡು ವಾರ ರೇಡಿಯೊ ಸಂಪರ್ಕ ನೆಚ್ಚುವಂತಿಲ್ಲ. ಮುಖ್ಯ ಕೆಲಸ ಆ ದಿನಗಳಿಗೆ ಬಾರದಿರಲಿ.

8. ನಿಜವಾದ ತಾರೀಕು

ಇಲ್ಲಿಯವರೆಗೆ ಮಂಗಳದ ಕಕ್ಷೆ ದುಂಡಗಿದೆ ಎಂದು ಒಪ್ಪಿಕೊಂಡು ಬಂದೆವು. ಅಲ್ಲ. ಈಗ ಕೆಂಪು ಪೆನ್ನಿನಲ್ಲಿ ಅದೇ 15.2 ಸೆಂ.ಮೀ. ವೃತ್ತವನ್ನು ಕೇಂದ್ರವನ್ನು 1.4 ಸೆಂ.ಮೀ. ಪಕ್ಕಕ್ಕೆ ಸರಿಸಿ ಎಳೆಯಿರಿ. ನಿಜದ ಕಕ್ಷೆಗೆ ಇದು ತುಂಬ ಹತ್ತಿರ. ಸೂರ್ಯನಿಂದ ಮಂಗಳದ ದೂರ ಒಂದು ಕಡೆ 20.7 ಕೋಟಿ ಕಿ.ಮೀ., ಇನ್ನೊಂದು ಕಡೆ 24.9 ಕೋಟಿ ಎಂಬುದು ಕಣ್ಣಿಗೇ ಕಾಣುತ್ತದೆ. ಎಲ್ಲ ಮುಹೂರ್ತಗಳೂ ಸಮಾನ ಅಲ್ಲದಿರುವುದು ಇದರಿಂದ. ಒಳ್ಳೆಯವು ಸುಮಾರು 15ರಿಂದ 17 ವರ್ಷಕ್ಕೊಮ್ಮೆ ಬರುತ್ತವೆ: 2003, 2018, ಮುಂದೆ 2033 ಮತ್ತು 2035. (ಮಂಗಳ ತೀರಾ ಹತ್ತಿರ ಬರುವ ಈ ವಿಯುತಿಗಳೆಲ್ಲ ಜುಲೈ–ಸೆಪ್ಟೆಂಬರಿನ ಆಸುಪಾಸಿಗೇ ಬೀಳುತ್ತವೆ, ನಮ್ಮ ಆಟಿ-ಸೋಣದ ಮಳೆಯಲ್ಲಿ. 2018ರಲ್ಲಿ ಟೆಲಿಸ್ಕೋಪಿಗೆ ಪ್ಲಾಸ್ಟಿಕ್ ಹೊದಿಸಿ ಕೂತದ್ದೇ ಬಂತು.)

ವಿಜ್ಞಾನಿಗಳು ಪ್ರತಿ ಹೊರಡುವ ದಿನಕ್ಕೂ ಪ್ರತಿ ತಲುಪುವ ದಿನಕ್ಕೂ ಬೇಕಾಗುವ ಡೆಲ್ಟಾ-ವಿ ಲೆಕ್ಕ ಹಾಕಿ, ಅಡ್ಡಕ್ಕೆ ಹೊರಡುವ ತಾರೀಕು, ಉದ್ದಕ್ಕೆ ತಲುಪುವ ತಾರೀಕು ಇಟ್ಟು ನಕ್ಷೆ ಬರೆಯುತ್ತಾರೆ. ಸಮಾನ ಖರ್ಚಿನ ಗೆರೆಗಳು ಮಾಂಸದ ತುಂಡಿನಂತೆ ಕಾಣುವುದರಿಂದ ಇದಕ್ಕೆ ಪೋರ್ಕ್‌ಚಾಪ್ ನಕ್ಷೆ ಎಂದು ಹೆಸರು. ಭೂಗೋಳ ಪಾಠದಲ್ಲಿ ಗುಡ್ಡದ ಎತ್ತರ ತೋರಿಸುವ ಸಮೋನ್ನತಿ ರೇಖೆ ನೋಡಿದ್ದೀರಲ್ಲ, ಅದನ್ನೇ ಓದಿದಂತೆ ಓದಿ. ಕಣಿವೆ ಹುಡುಕಿ, ಕಣಿವೆಯಲ್ಲಿ ದಾರಿಯ ದಿನ ಕಡಿಮೆ ಇರುವ ಮೂಲೆ ಆರಿಸಿ.

ಎಚ್ಚರಿಕೆ: ಆ ನಕ್ಷೆಯಲ್ಲಿ ಎರಡು ಕಣಿವೆ ಇರುತ್ತವೆ, ನಡುವೆ ಕಡಿದಾದ ದಿಬ್ಬ. ನಾವು ನೂಲಿನಿಂದ ಎಳೆದ 180 ಡಿಗ್ರಿಯ ಅಗ್ಗದ ದಾರಿ ಬೀಳುವುದು ಆ ದಿಬ್ಬದ ನೆತ್ತಿಯ ಮೇಲೆ! ಕಾರಣ, ಮಂಗಳದ ಕಕ್ಷೆ ಭೂಮಿಯ ಕಕ್ಷೆಗಿಂತ 1.85 ಡಿಗ್ರಿ ಓರೆಯಾಗಿದೆ. ಹೊರಡುವ ಬಿಂದು, ಸೂರ್ಯ, ತಲುಪುವ ಬಿಂದು ಒಂದೇ ಸಾಲಿನಲ್ಲಿರಬೇಕೆಂದರೆ ಆ ಚಿಕ್ಕ ಓರೆಯನ್ನು ಸರಿಮಾಡಲು ದಾರಿಯನ್ನೇ ಮೇಲಕ್ಕೆತ್ತಬೇಕಾಗುತ್ತದೆ. ಕಾಗದದ ಮೇಲೆ ಅತಿ ಅಗ್ಗವಾದದ್ದು ಆಕಾಶದಲ್ಲಿ ಅತಿ ದುಬಾರಿ. ನಿಜವಾದ ನೌಕೆಗಳು 180ಕ್ಕಿಂತ ಸ್ವಲ್ಪ ಕಡಿಮೆಯೋ ಸ್ವಲ್ಪ ಹೆಚ್ಚೋ ಸುತ್ತಿ ಹೋಗುತ್ತವೆ. ಮನುಷ್ಯರಿಗೆ ಕಡಿಮೆಯದೇ ಆಗಬೇಕು, ದಿನ ಉಳಿಯುತ್ತದೆ. ಪರ್ಸೆವೆರೆನ್ಸ್ 203 ದಿನದಲ್ಲಿ ಇಳಿಯಿತು.

ಕಂಪ್ಯೂಟರ್ ಇರುವವರು ನಾಸಾದ ಹೊರೈಜನ್ಸ್ ತಾಣದಲ್ಲಿ ಯಾವ ದಿನ ಯಾವ ಗ್ರಹ ಎಲ್ಲಿದೆ ಎಂಬುದನ್ನು ಉಚಿತವಾಗಿ ಪಡೆಯಬಹುದು. ಜಿಮ್ಯಾಟ್ ಎಂಬ ತಂತ್ರಾಂಶದಲ್ಲಿ ದಾರಿಯನ್ನೇ ಲೆಕ್ಕ ಹಾಕಬಹುದು, ಅದೂ ಉಚಿತ. ಏಕಮಾನ ಮಾತ್ರ ಎರಡೆರಡು ಸಲ ನೋಡಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋದದ್ದು ಒಂದು ಕಡೆಯವರು ಪೌಂಡಿನಲ್ಲಿ, ಇನ್ನೊಂದು ಕಡೆಯವರು ನ್ಯೂಟನ್ನಿನಲ್ಲಿ ಲೆಕ್ಕ ಹಾಕಿದ್ದರಿಂದ.

9. ಮೇಳದ ಮೇಜಿನ ಮೇಲೆ

ಸೂಜಿ ಕೀಳಬೇಡಿ, ನೂಲಿನ ಕುಣಿಕೆಗಳನ್ನೂ ಪಕ್ಕದಲ್ಲೇ ಇಟ್ಟಿರಿ. ತೀರ್ಪುಗಾರರ ಎದುರಿನಲ್ಲೇ ಒಂದು ದೀರ್ಘವೃತ್ತ ಎಳೆದು ತೋರಿಸಿದರೆ ಬಣ್ಣದ ದೀಪಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನಾಲ್ಕು ದಾರಿಗೂ ಒಂದು ಪಟ್ಟಿ ಇರಲಿ: ಹೊರಡುವ ಡೆಲ್ಟಾ-ವಿ, ದಾರಿಯ ದಿನ, ತಂಗುವ ದಿನ, ವಿಕಿರಣ, ಮನೆ ಸೇರುವಾಗಿನ ವೇಗ. "ಹಾಗಾದರೆ ನೀವು ಯಾವುದನ್ನು ಆರಿಸಿದ್ದೀರಿ?" ಎಂದು ಕೇಳಿಯೇ ಕೇಳುತ್ತಾರೆ. ಒಂದನ್ನು ಹೇಳಿ, ಕಾರಣ ಹೇಳಿ. "ಎಲ್ಲದಕ್ಕೂ ಅದರದರ ಗುಣ ಉಂಟು" ಎಂದು ಜಾರಿಕೊಂಡ ಗುಂಪಿನ ಅಂಕ ಕಡಿಮೆಯಾದದ್ದನ್ನು ನೋಡಿದ್ದೇನೆ.

ಗುಲಗಂಜಿ ಬಿಟ್ಟು ನಿಜವಾದ ಮಂಗಳವನ್ನೂ ಒಮ್ಮೆ ನೋಡಿ. 2027ರ ಫೆಬ್ರವರಿ 19ಕ್ಕೆ ವಿಯುತಿ. ಆ ದಿನಗಳಲ್ಲಿ ಸೂರ್ಯ ಮುಳುಗುತ್ತಿದ್ದಂತೆ ಅದು ಪೂರ್ವದಲ್ಲಿ ಕೆಂಪಗೆ ಮೂಡುತ್ತದೆ. ದೂರ ಹತ್ತು ಕೋಟಿ ಕಿ.ಮೀ., ಗಾತ್ರದಲ್ಲಿ ಅಷ್ಟೇನಿಲ್ಲ. ಆದರೆ ಫೆಬ್ರವರಿಯಲ್ಲಿ ನಮಗೆ ಮಳೆ ಇರುವುದಿಲ್ಲ, ಪೊಸಡಿ ಗುಂಪೆ ಗುಡ್ಡದ ಮೇಲಿಂದ ಆಕಾಶ ಪೂರ್ತಿ ತೆರೆದಿರುತ್ತದೆ. ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಬನ್ನಿ.